ಬೇವಿನೆಲೆಯೂ ಸತುವಿನ ಭಸ್ಮವೂ: ಲೋಹಕಣಗಳ ಒಂದು ಚರಿತ್ರೆ

(ಲಂಡನ್ನಿನಲ್ಲಿ ನಡೆದ ನಮ್ಮ ಕೂಟದ ಸಭೆಯಲ್ಲಿ ಅತಿಥಿಗಳು ನೀಡಿದ ಉಪನ್ಯಾಸದ ಲಿಖಿತ ರೂಪ)



ಹಬ್ಬದೂಟಕ್ಕೂ ಸುಗಮ ಸಂಗೀತಕ್ಕೂ ನಡುವೆ ರಸಾಯನಶಾಸ್ತ್ರದ ಭಾಷಣವೊಂದನ್ನು ಇಟ್ಟುಕೊಂಡ ಸಂಘಟಕರ ಧೈರ್ಯಕ್ಕೆ ಮೊದಲು ನನ್ನ ವಂದನೆಗಳು. ವಿಷಯ ಕಠಿಣವೆಂದು ತಾವು ಅಂಜಬೇಕಾಗಿಲ್ಲ. ನಮ್ಮೆಲ್ಲರ ಮನೆಯಲ್ಲಿ ನಡೆದಿರುವ ಒಂದು ಸಂಗತಿಯಿಂದಲೇ ಆರಂಭಿಸುತ್ತೇನೆ.

ಚಿಕ್ಕಂದಿನಲ್ಲಿ ನನಗೆ ಸೀತಾಳೆ ಸಿಡುಬಾಯಿತು. ಮನೆಯಲ್ಲಿ ‘ಅಮ್ಮ ಬಂದಿದ್ದಾಳೆ’ ಎಂದರು. ಅಜ್ಜಿ ಬಾಗಿಲಿಗೆ ಬೇವಿನ ಗೊಂಚಲು ಕಟ್ಟಿದರು, ಹಾಸಿಗೆಯ ಮೇಲೆ ಬೇವಿನೆಲೆ ಹರಡಿದರು, ತುರಿಕೆಯಾದಾಗ ಉಗುರು ತಾಗದಿರಲೆಂದು ಬೇವಿನ ಎಸಳಿನಿಂದಲೇ ಮೈ ಸವರಿದರು. ಅದೇ ಹೊತ್ತಿಗೆ ತಂದೆಯವರು ಆಸ್ಪತ್ರೆಯಿಂದ ಗುಲಾಬಿ ಬಣ್ಣದ ಒಂದು ಸೀಸೆ ತಂದರು. ಅದು ಕ್ಯಾಲಮೈನ್ ಲೋಷನ್. ಅಜ್ಜಿಗೆ ಸೀಸೆಯಲ್ಲಿ ನಂಬಿಕೆಯಿರಲಿಲ್ಲ, ತಂದೆಯವರಿಗೆ ಎಲೆಯಲ್ಲಿ ನಂಬಿಕೆಯಿರಲಿಲ್ಲ. ನನ್ನ ಮೈಗೆ ಮಾತ್ರ ಎರಡೂ ತಾಗಿದವು. ಆ ಲೋಷನ್ನಿನಲ್ಲಿರುವುದು ಸತುವಿನ ಸಂಯುಕ್ತ, ಮುಖ್ಯವಾಗಿ ಸತುವಿನ ಆಕ್ಸೈಡ್. ಗುಲಾಬಿ ಬಣ್ಣ ಬರುವುದು ಅದರಲ್ಲಿ ಬೆರೆತ ಅತ್ಯಲ್ಪ ಪ್ರಮಾಣದ ಕಬ್ಬಿಣದ ಆಕ್ಸೈಡಿನಿಂದ.

ಹಾಸಿಗೆಯ ಎರಡು ಪಕ್ಕಗಳಲ್ಲಿ ನಿಂತಿದ್ದ ಆ ಎಲೆಯೂ ಸತುವೂ ಇಂದು ಒಂದೇ ಪಾತ್ರೆಯಲ್ಲಿ ಕೂಡಿವೆ. ಗಿಡಮೂಲಿಕೆಯ ರಸದಿಂದ ಲೋಹದ ಆಕ್ಸೈಡುಗಳ ಅತಿಸೂಕ್ಷ್ಮ ಕಣಗಳನ್ನು ತಯಾರಿಸಿ, ಅವು ಬ್ಯಾಕ್ಟೀರಿಯಗಳನ್ನು ಕೊಲ್ಲುವವೇ ಎಂದು ಪರೀಕ್ಷಿಸುವ ಕೆಲಸ ಭಾರತದ ನೂರಾರು ಪ್ರಯೋಗಶಾಲೆಗಳಲ್ಲಿ, ಕರ್ನಾಟಕದ ಕಾಲೇಜುಗಳಲ್ಲಿಯೂ, ನಡೆದಿದೆ. ಈ ವಿದ್ಯೆ ಎಲ್ಲಿಂದ ಬಂತು, ಇದರಲ್ಲಿ ನಮ್ಮ ಹಿರಿಯರ ಪಾಲೆಷ್ಟು, ಪ್ರಯೋಗಶಾಲೆಯ ಪಾಲೆಷ್ಟು ಎಂಬುದೇ ಇಂದಿನ ವಿಷಯ.

ಅಳತೆಯ ಮಾತು

ಮೊದಲು ಗಾತ್ರದ ವಿಚಾರ. ‘ನ್ಯಾನೊ’ ಎಂಬುದು ಕುಬ್ಜ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯದ ಉದ್ದ ಸುಮಾರು 2,000 ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊಕಣಗಳೆನ್ನುತ್ತಾರೆ.

ಗಾತ್ರ ಕುಗ್ಗಿದರೆ ಏನು ಲಾಭ? ಕಲ್ಲುಸಕ್ಕರೆಯ ಗಟ್ಟಿ ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ಅದನ್ನೇ ಕುಟ್ಟಿ ಪುಡಿಮಾಡಿದರೆ ಕ್ಷಣದಲ್ಲಿ ಕರಗುತ್ತದೆ. ವಸ್ತು ಅದೇ, ನೀರಿಗೆ ತಾಗುವ ಮೈ ಮಾತ್ರ ಹೆಚ್ಚಾಯಿತು. ಒಂದು ಸೆಂಟಿಮೀಟರ್ ಬದಿಯ ಘನಕ್ಕೆ ಒಟ್ಟು 6 ಚದರ ಸೆಂಟಿಮೀಟರ್ ಮೇಲ್ಮೈ ಇರುತ್ತದೆ. ಅದನ್ನು 10 ನ್ಯಾನೊಮೀಟರ್ ಬದಿಯ ಘನಗಳಾಗಿ ಕತ್ತರಿಸುತ್ತ ಹೋದರೆ ಅದೇ ತುಣುಕಿನ ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ಏಳು ಬ್ಯಾಡ್ಮಿಂಟನ್ ಅಂಗಳಗಳಷ್ಟು ಮೈ ಒಂದು ಚಿಟಿಕೆಯಲ್ಲಿ ಅಡಗಿರುತ್ತದೆ. ನ್ಯಾನೊಕಣಗಳ ಚುರುಕಿಗೆ ಮುಖ್ಯ ಕಾರಣ ಇದೇ.

ಜಾವರದ ಬದನೆಕಾಯಿ ಮೂಸೆಗಳು

ಈಗ ಚರಿತ್ರೆಗೆ ಬರೋಣ. ರಾಜಸ್ಥಾನದ ಉದಯಪುರದಿಂದ ದಕ್ಷಿಣಕ್ಕೆ ಅರಾವಳಿ ಬೆಟ್ಟಗಳ ನಡುವೆ ಜಾವರ ಎಂಬ ಊರಿದೆ. ಅಲ್ಲಿನ ಗಣಿಗಳು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದಷ್ಟು ಹಳೆಯವು. 1980ರ ದಶಕದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಮತ್ತು ಹಿಂದೂಸ್ತಾನ್ ಜಿಂಕ್ ಸಂಸ್ಥೆಯವರು ಕೂಡಿ ಅಲ್ಲಿ ಉತ್ಖನನ ನಡೆಸಿದರು. ಬದನೆಕಾಯಿಯ ಆಕಾರದ ಮಣ್ಣಿನ ಮೂಸೆಗಳು ರಾಶಿರಾಶಿಯಾಗಿ ದೊರೆತವು. ಒಂದೊಂದು ಕುಲುಮೆಯಲ್ಲಿ 36 ಮೂಸೆಗಳನ್ನು ತಲೆಕೆಳಗಾಗಿ ಜೋಡಿಸುತ್ತಿದ್ದರು. ಬಳಸಿ ಎಸೆದ ಮೂಸೆಗಳಿಂದಲೇ ಊರಿನವರು ಮನೆಯ ಗೋಡೆ ಕಟ್ಟಿಕೊಂಡಿದ್ದರು.

ತಲೆಕೆಳಗು ಏಕೆ? ಇಲ್ಲಿಯೇ ಸತುವಿನ ಸ್ವಭಾವ ಅಡಗಿದೆ. ತಾಮ್ರವಾಗಲಿ ಕಬ್ಬಿಣವಾಗಲಿ ಅದಿರಿನಿಂದ ಬಿಡುಗಡೆಯಾದೊಡನೆ ಕುಲುಮೆಯ ತಳದಲ್ಲಿ ಕೂಡುತ್ತವೆ. ಸತುವಾದರೋ 907 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿದು ಆವಿಯಾಗುತ್ತದೆ. ಅದಿರಿನಿಂದ ಅದನ್ನು ಬಿಡಿಸಲು ಬೇಕಾದ ಕಾವು ಅದಕ್ಕಿಂತ ಹೆಚ್ಚಿನದು. ಆದುದರಿಂದ ಸತು ಹುಟ್ಟುವಾಗಲೇ ಆವಿಯಾಗಿ ಹುಟ್ಟುತ್ತದೆ; ಗಾಳಿ ತಾಗಿದೊಡನೆ ಉರಿದು ಬಿಳಿಯ ಪುಡಿಯಾಗಿಬಿಡುತ್ತದೆ. ಆ ಬಿಳಿಯ ಪುಡಿಯೇ ಸತುವಿನ ಆಕ್ಸೈಡ್. ಜಾವರದ ಕುಶಲಿಗಳು ಆವಿಯನ್ನು ಕೆಳಮುಖವಾಗಿ ಇಳಿಸಿ, ಗಾಳಿ ತಾಗುವ ಮೊದಲೇ ತಂಪಾದ ಪಾತ್ರೆಯಲ್ಲಿ ಹಿಡಿದರು. ಸುಮಾರು 13ನೆಯ ಶತಮಾನದ ಹೊತ್ತಿಗೆ ಈ ಕೆಲಸ ದೊಡ್ಡ ಪ್ರಮಾಣದ ಉದ್ಯಮವಾಗಿ ಬೆಳೆದಿತ್ತು.

‘ರಸರತ್ನಸಮುಚ್ಚಯ’ವೆಂಬ ಸಂಸ್ಕೃತದ ರಸಶಾಸ್ತ್ರ ಗ್ರಂಥದಲ್ಲಿ ಇದೇ ವಿದ್ಯೆಯ ವಿವರವಿದೆ. ಸತುವಿನ ಅದಿರಿನೊಡನೆ ಅರಿಸಿನ, ತ್ರಿಫಲೆ, ರಾಳ, ಮಸಿ, ಲವಣ, ಬಿಳಿಗಾರ ಮುಂತಾದುವನ್ನು ಅರೆದು ಮೂಸೆಗೆ ತುಂಬಬೇಕು. ನೀಲಿಯ ಜ್ವಾಲೆ ಬಿಳಿಯಾದಾಗ ಕೆಲಸ ಮುಗಿಯಿತೆಂದು ತಿಳಿಯಬೇಕು ಎಂಬುದು ಅದರ ಸಾರ. ಅರಿಸಿನ, ಅಳಲೆಕಾಯಿ, ರಾಳಗಳು ಮೂಸೆಯೊಳಗೆ ಕರಿದಾಗಿ ಇಂಗಾಲವಾಗುತ್ತವೆ. ಆ ಇಂಗಾಲವೂ ಅದರಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಅನಿಲವೂ ಅದಿರಿನ ಆಕ್ಸಿಜನ್ನನ್ನು ಕಿತ್ತುಕೊಳ್ಳುತ್ತವೆ. ನೀಲಿ ಜ್ವಾಲೆ ಆ ಅನಿಲದ್ದು. ಬಿಳಿ ಜ್ವಾಲೆ ಉರಿಯುವ ಸತುವಿನದು. ಬರೆದವರಿಗೆ ಇಂಗಾಲದ ಮಾನಾಕ್ಸೈಡ್ ಗೊತ್ತಿರಲಿಲ್ಲ, ಆದರೆ ಕಣ್ಣಿಗೆ ಕಂಡದ್ದನ್ನು ತಪ್ಪಿಲ್ಲದೆ ಬರೆದಿಟ್ಟರು. ವಿಜ್ಞಾನದ ಮೊದಲ ಮೆಟ್ಟಿಲು ಅದು.

ಯುರೋಪಿನಲ್ಲಿ ಸತುವನ್ನು ಹೀಗೆ ಆವಿಯಿಂದ ಹಿಡಿದು ಉದ್ಯಮವಾಗಿ ಬೆಳೆಸಿದವನು ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್. ಅವನಿಗೆ ಪೇಟೆಂಟ್ ದೊರೆತದ್ದು 1738ರಲ್ಲಿ. ಅವನದೂ ಕೆಳಮುಖದ ವಿಧಾನವೇ. ಜಾವರದ ವಿದ್ಯೆಯೇ ಹಡಗೇರಿ ಬ್ರಿಸ್ಟಲ್‌ಗೆ ಬಂತೆಂದು ಕೆಲವರು ಹೇಳುವುದುಂಟು. ಹೋಲಿಕೆ ನಿಜ, ನೇರವಾದ ಸಾಕ್ಷಿ ಮಾತ್ರ ದೊರೆತಿಲ್ಲ. ಸಾಕ್ಷಿಯಿಲ್ಲದೆಡೆ ಹೋಲಿಕೆಯೆಂದಷ್ಟೇ ಹೇಳಿ ನಿಲ್ಲಿಸುವುದು ಲೇಸು. ಜಾವರದ ಹಿರಿಮೆಗೆ ಅದರ ಮೂಸೆಗಳೇ ಸಾಕು.

ಭಸ್ಮದ ಪರೀಕ್ಷೆ

ಸತು ಕೈಗೆ ಬಂದ ಮೇಲೆ ವೈದ್ಯರು ಅದನ್ನು ಮತ್ತೆ ಸುಟ್ಟು ಪುಡಿಮಾಡಿದರು. ಇದೇ ಯಶದ ಭಸ್ಮ. ಪ್ರಸಿದ್ಧವಾದ ಒಂದು ಕ್ರಮದಲ್ಲಿ ಕರಗಿದ ಸತುವನ್ನು ಹಸುವಿನ ಹಾಲಿಗೆ 21 ಬಾರಿ ಸುರಿದು ಶುದ್ಧಿ ಮಾಡುತ್ತಾರೆ. ಉತ್ತರಣೆ ಗಿಡದ ಪುಡಿಯೊಡನೆ ಬಾಣಲೆಯಲ್ಲಿ ಹುರಿಯುತ್ತಾರೆ. ಬಳಿಕ ಲೋಳೆಸರದ ರಸದಲ್ಲಿ ಅರೆದು, ಬಿಲ್ಲೆ ತಟ್ಟಿ, ಬೆರಣಿಯ ಪುಟದಲ್ಲಿ ಮತ್ತೆ ಮತ್ತೆ ಸುಡುತ್ತಾರೆ. ಸಿದ್ಧವಾದ ಭಸ್ಮಕ್ಕೆ ಪರೀಕ್ಷೆಗಳುಂಟು. ಬೆರಳುಗಳ ನಡುವೆ ತಿಕ್ಕಿದಾಗ ಅದು ರೇಖೆಗಳೊಳಗೆ ಇಳಿಯಬೇಕು; ಇದು ರೇಖಾಪೂರ್ಣ. ನೀರಿನ ಮೇಲೆ ಉದುರಿಸಿದರೆ ಮುಳುಗದೆ ತೇಲಬೇಕು, ಇದು ವಾರಿತರ. ಎರಡೂ ನುಣುಪಿನ ಪರೀಕ್ಷೆಗಳೇ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಬೆರಳನ್ನೂ ನೀರನ್ನೂ ಅಳತೆಗೋಲು ಮಾಡಿಕೊಂಡ ಜಾಣ್ಮೆ ಇದು.

ಮುಂಬೈನ ಐ.ಐ.ಟಿ.ಯ ಸಂಶೋಧಕರು ಈ ಭಸ್ಮವನ್ನು ಆಧುನಿಕ ಉಪಕರಣಗಳಿಂದ ಪರಿಶೀಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿರುವುದು ಸತುವಿನ ಆಕ್ಸೈಡ್. ಕಣಗಳಲ್ಲಿ ಒಂದು ಪಾಲು ನ್ಯಾನೊ ಗಾತ್ರದವು. ಈ ಸುದ್ದಿ ಹರಡಿದೊಡನೆ ನಮ್ಮವರಲ್ಲಿ ಒಂದು ಮಾತು ಹುಟ್ಟಿಕೊಂಡಿತು: ನಮ್ಮ ಋಷಿಮುನಿಗಳಿಗೆ ನ್ಯಾನೊ ತಂತ್ರಜ್ಞಾನ ಮೊದಲೇ ಗೊತ್ತಿತ್ತು ಎಂದು.

ಮಿತ್ರರೆ, ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇಂತಹ ಮಾತು ಹಿತವಾಗಿ ಕೇಳಿಸುತ್ತದೆ. ಆದರೆ ಅದು ನಿಜವಲ್ಲ. ಭಸ್ಮದಲ್ಲಿ ನ್ಯಾನೊಕಣಗಳಿರುವುದು ಬೇರೆ, ನ್ಯಾನೊ ಗಾತ್ರವನ್ನು ಅಳೆದು, ಬೇಕೆಂದೇ ಅದನ್ನು ತಯಾರಿಸುವುದು ಬೇರೆ. ದೀಪದ ಕಾಡಿಗೆಯಲ್ಲಿಯೂ ಅತಿಸೂಕ್ಷ್ಮ ಇಂಗಾಲದ ಕಣಗಳಿರುತ್ತವೆ. ಕಾಡಿಗೆ ಹಿಡಿದ ನಮ್ಮ ಅಜ್ಜಿಯನ್ನು ನ್ಯಾನೊ ವಿಜ್ಞಾನಿಯೆಂದು ಯಾರೂ ಕರೆಯುವುದಿಲ್ಲ. ರಸವೈದ್ಯರು ಮಾಡಿದ್ದು ಅನುಭವದಿಂದ ಕಲಿತ, ಎಚ್ಚರದ ಕುಶಲಕಲೆ. ಅದನ್ನು ಅದರ ಹೆಸರಿನಿಂದಲೇ ಗೌರವಿಸೋಣ.

ಇದು ಬರಿಯ ಹೆಮ್ಮೆಯ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆಯೂ ಹೌದು. ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ನಮ್ಮವರ ದಿನಸಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ 70 ಆಯುರ್ವೇದ ತಯಾರಿಕೆಗಳನ್ನು ವೈದ್ಯರ ತಂಡವೊಂದು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿತು. 14 ತಯಾರಿಕೆಗಳಲ್ಲಿ, ಅಂದರೆ ಐದರಲ್ಲಿ ಒಂದರಲ್ಲಿ, ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಊರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲಿ ಭಸ್ಮದ ಪೊಟ್ಟಣವನ್ನೂ ಇಟ್ಟು ತರುವ ಕುಟುಂಬಗಳು ನಮ್ಮಲ್ಲಿವೆ. ತೇಲುವ ಭಸ್ಮ ನುಣುಪಾದದ್ದು ಎಂದು ಮಾತ್ರ ಗೊತ್ತಾಗುತ್ತದೆ. ಅದರಲ್ಲಿ ಸೀಸವಿಲ್ಲವೆಂದು ನೀರು ಹೇಳಲಾರದು.

ಆಲ್ಬೆಮಾರ್ಲ್ ಬೀದಿಯ ಕೆಂಪು ಸೀಸೆ

ಕಣದ ಗಾತ್ರವನ್ನೇ ಪ್ರಶ್ನೆಯಾಗಿ ಎತ್ತಿಕೊಂಡ ಮೊದಲಿಗರಲ್ಲಿ ಒಬ್ಬ ನಮ್ಮ ಈ ಊರಿನವನೇ. ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಚಿನ್ನದ ದ್ರಾವಣಕ್ಕೆ ರಂಜಕವನ್ನು ಸೇರಿಸಿ ಮಾಣಿಕ್ಯದಂತೆ ಕೆಂಪಾದ ದ್ರವವನ್ನು ಪಡೆದನು. 1857ರ ಫೆಬ್ರವರಿ 5ರಂದು ರಾಯಲ್ ಸೊಸೈಟಿಯಲ್ಲಿ ನೀಡಿದ ಬೇಕೇರಿಯನ್ ಉಪನ್ಯಾಸದಲ್ಲಿ ಅದನ್ನು ವಿವರಿಸಿದನು. ಬೆಳಕಿನ ಕಿರಣವೊಂದನ್ನು ಹಾಯಿಸಿದಾಗ ದ್ರವದೊಳಗೆ ಅದರ ದಾರಿ ಕಾಣಿಸುತ್ತಿತ್ತು. ಕಿಟಕಿಯ ಸಂದಿನಿಂದ ಬಂದ ಬಿಸಿಲಕೋಲಿನಲ್ಲಿ ಧೂಳು ಕಾಣುವಂತೆಯೇ ಇದು. ಆದ್ದರಿಂದ ಚಿನ್ನ ಅದರಲ್ಲಿ ಕರಗಿಲ್ಲ, ಕಣ್ಣಿಗೆ ಕಾಣದ ಕಣಗಳಾಗಿ ತೇಲುತ್ತಿದೆ ಎಂದು ಅವನು ತೀರ್ಮಾನಿಸಿದನು. ಹಳದಿಯ ಚಿನ್ನ ಕೆಂಪಾಗಲು ಗಾತ್ರವೇ ಕಾರಣ. ಅವನು ತಯಾರಿಸಿದ ಆ ಸೀಸೆಗಳನ್ನು ರಾಯಲ್ ಇನ್‌ಸ್ಟಿಟ್ಯೂಷನ್ ಇಂದಿಗೂ ಕಾಪಾಡಿಕೊಂಡಿದೆ.

ರಂಜಕ ಅಪಾಯದ ವಸ್ತು. 1889ರಲ್ಲಿ ಫಿಲಡೆಲ್ಫಿಯದ ಕೇರಿ ಲೀ ಬೆಳ್ಳಿಯ ಸೂಕ್ಷ್ಮಕಣಗಳನ್ನು ಸಿಟ್ರೇಟ್ ಲವಣದ ನೆರವಿನಿಂದ ಪಡೆದನು. 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು ಚಿನ್ನದ ದ್ರಾವಣವನ್ನು ಸಿಟ್ರೇಟ್‌ನೊಡನೆ ಕುದಿಸಿ ಒಂದೇ ಅಳತೆಯ ಕಣಗಳನ್ನು ಪಡೆಯುವ ವಿಧಾನವನ್ನು ಕೊಟ್ಟರು. ಸಿಟ್ರೇಟ್ ಎಂದರೆ ನಿಂಬೆಹಣ್ಣಿನ ಹುಳಿಯ ಲವಣ. ಅದು ಎರಡು ಕೆಲಸ ಮಾಡುತ್ತದೆ: ಕಣವನ್ನು ಹುಟ್ಟಿಸುತ್ತದೆ, ಹುಟ್ಟಿದ ಕಣದ ಮೈಗೆ ಅಂಟಿ ಅವು ಒಂದಕ್ಕೊಂದು ಕೂಡಿ ಗಟ್ಟಿಯಾಗದಂತೆ ತಡೆಯುತ್ತದೆ. ನಿಂಬೆಯ ಹುಳಿ ಈ ಕೆಲಸ ಮಾಡುವುದಾದರೆ ಎಲೆಯ ರಸವೇಕೆ ಮಾಡಬಾರದು ಎಂಬ ಪ್ರಶ್ನೆ ಗಟ್ಟಿಯಾಗಿ ಏಳಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಲೋಹ ಮರೆಯಾಗಿ ಮರಳಿದ ಬಗೆ

ಈ ನಡುವೆ ವೈದ್ಯಕೀಯದಲ್ಲಿ ಲೋಹಗಳ ಅದೃಷ್ಟ ಏರಿಳಿಯಿತು. 1880ರ ದಶಕದ ಆರಂಭದಲ್ಲಿ ಜರ್ಮನಿಯ ಲೈಪ್‌ಝಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ವೈದ್ಯ ನವಜಾತ ಶಿಶುಗಳ ಕಣ್ಣಿಗೆ ಬೆಳ್ಳಿಯ ನೈಟ್ರೇಟ್ ಹನಿ ಹಾಕಲಾರಂಭಿಸಿದನು. ಸುಮಾರು ಶೇಕಡ 10ರಷ್ಟು ಶಿಶುಗಳಿಗೆ ತಗಲುತ್ತಿದ್ದ ಕಣ್ಣಿನ ಸೋಂಕು ಶೇಕಡ 1ಕ್ಕಿಂತ ಕೆಳಗಿಳಿಯಿತು. ಎಷ್ಟೋ ಮಕ್ಕಳು ಕುರುಡಾಗುವುದು ತಪ್ಪಿತು. ಆದರೆ 1928ರಲ್ಲಿ ಇದೇ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ನನ್ನು ಕಂಡುಹಿಡಿದ ಬಳಿಕ, ಅದು ಔಷಧವಾಗಿ ಸಿದ್ಧವಾದ 1940ರ ದಶಕದಲ್ಲಿ ಲೋಹಗಳು ಬದಿಗೆ ಸರಿದವು.

ಫ್ಲೆಮಿಂಗ್ 1945ರ ತನ್ನ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದನು: ಸಾಲದ ಪ್ರಮಾಣದಲ್ಲಿ ಔಷಧ ಕೊಟ್ಟರೆ ಬ್ಯಾಕ್ಟೀರಿಯಗಳು ಅದನ್ನು ಎದುರಿಸುವುದನ್ನು ಕಲಿಯುತ್ತವೆ ಎಂದು. ಹಾಗೆಯೇ ಆಯಿತು. ಮೆಥಿಸಿಲಿನ್ ಎಂಬ ಔಷಧ ಬಳಕೆಗೆ ಬಂದ ಒಂದೆರಡು ವರ್ಷಗಳಲ್ಲಿಯೇ, 1961ರಲ್ಲಿ, ಅದಕ್ಕೆ ಜಗ್ಗದ ಸ್ಟೆಫಿಲೊಕಾಕಸ್ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಎಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹಳೆಯ ಲೋಹಗಳತ್ತ ವಿಜ್ಞಾನಿಗಳು ಮತ್ತೆ ತಿರುಗಿ ನೋಡಲು ಇದು ಕಾರಣ.

ಎಲೆಯ ರಸದ ಪ್ರವೇಶ

1998ರಲ್ಲಿ ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರದ 12 ಸೂತ್ರಗಳನ್ನು ಮಂಡಿಸಿದರು. ವಿಷದ ವಸ್ತುಗಳನ್ನು ಬಳಸದೆ, ತ್ಯಾಜ್ಯ ಹುಟ್ಟಿಸದೆ, ಕಡಿಮೆ ಶಕ್ತಿಯಿಂದ ಕೆಲಸ ಸಾಧಿಸಬೇಕೆಂಬುದು ಅವುಗಳ ತಿರುಳು. ಅದೇ ಗಾಳಿಯಲ್ಲಿ ಗಿಡಗಳು ರಸಾಯನಶಾಲೆಗೆ ಬಂದವು. 2002ರಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಗಾರ್ಡಿಯ ಟೊರೆಸ್‌ಡೇ ತಂಡದವರು ಕುದುರೆ ಮಸಾಲೆ ಸೊಪ್ಪಿನ ಜೀವಂತ ಸಸಿಗಳು ಚಿನ್ನದ ಲವಣವನ್ನು ಹೀರಿ ತಮ್ಮೊಳಗೆ ಚಿನ್ನದ ನ್ಯಾನೊಕಣಗಳನ್ನು ಕಟ್ಟುವುದನ್ನು ತೋರಿಸಿದರು.

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡ ಇನ್ನೂ ಸರಳವಾದ ದಾರಿ ಹಿಡಿಯಿತು. ಗಿಡ ಬೆಳೆಸುವುದೇಕೆ, ಎಲೆಯನ್ನು ಕುದಿಸಿದ ಕಷಾಯವೇ ಸಾಕಲ್ಲವೇ? 2003ರಲ್ಲಿ ಜೆರೇನಿಯಂ ಎಲೆ, 2004ರಲ್ಲಿ ಬೇವಿನೆಲೆ, ಅದೇ ವರ್ಷ ಮಜ್ಜಿಗೆ ಹುಲ್ಲು ಎಂದು ಒಂದಾದ ಮೇಲೊಂದು ಪ್ರಯೋಗಗಳು ಪ್ರಕಟವಾದವು. ಬೇವಿನ ಕಷಾಯಕ್ಕೆ ಬೆಳ್ಳಿ ಅಥವಾ ಚಿನ್ನದ ಲವಣ ಬೆರೆಸಿದರೆ ಕೆಲವೇ ಗಂಟೆಗಳಲ್ಲಿ ಬಣ್ಣ ಬದಲಾಗಿ ಲೋಹದ ನ್ಯಾನೊಕಣಗಳು ಮೂಡುತ್ತಿದ್ದವು. ಎಲೆಯಲ್ಲಿನ ಸಕ್ಕರೆ ಹಾಗೂ ಟರ್ಪಿನಾಯ್ಡ್ ಮುಂತಾದ ಅಂಶಗಳು ಸಿಟ್ರೇಟ್ ಮಾಡುತ್ತಿದ್ದ ಎರಡೂ ಕೆಲಸಗಳನ್ನು ಮಾಡುತ್ತಿದ್ದವು. ದುಬಾರಿ ಯಂತ್ರಗಳಿಲ್ಲದ ಸಣ್ಣ ಊರಿನ ಕಾಲೇಜಿಗೂ ನ್ಯಾನೊಕಣಗಳನ್ನು ತಯಾರಿಸುವ ಬಾಗಿಲು ತೆರೆಯಿತು. ಇದು ಸಾಮಾನ್ಯ ಸಂಗತಿಯಲ್ಲ.

ಬೆಂಗಳೂರಿನ ಬೆಂಕಿ

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಚಿನ್ನ, ಬೆಳ್ಳಿಗಳಲ್ಲಿ ಎಲೆಯ ರಸ ಲವಣವನ್ನು ಶುದ್ಧ ಲೋಹವಾಗಿ ಮಾರ್ಪಡಿಸುತ್ತದೆ. ಸತು ಅಷ್ಟು ಸುಲಭವಾಗಿ ಲೋಹವಾಗುವುದಿಲ್ಲ. ಜಾವರದ ಕುಲುಮೆಯ ಕಾವು ಬೇಕಾದದ್ದು ಅದಕ್ಕೇ. ಸತುವಿನ ನೈಟ್ರೇಟ್ ಇಲ್ಲವೇ ಅಸಿಟೇಟ್ ಲವಣಕ್ಕೆ ಎಲೆಯ ರಸ ಬೆರೆಸಿದಾಗ ರಸದ ಅಂಶಗಳು ಸತುವಿನ ಅಯಾನುಗಳನ್ನು ಹಿಡಿದು ಚದುರಿಸಿ ಇಡುತ್ತವೆ. ಬಳಿಕ ಕಾಯಿಸಿದಾಗ ಎಲೆಯ ಭಾಗ ಸುಟ್ಟುಹೋಗಿ ಆಕ್ಸೈಡಿನ ಕಣ ಉಳಿಯುತ್ತದೆ. ಎಲೆ ಇಲ್ಲಿ ಅಚ್ಚೂ ಹೌದು, ಸೌದೆಯೂ ಹೌದು.

ಸೌದೆಯ ಈ ವಿದ್ಯೆಗೆ ಬೆಂಗಳೂರಿನ ನಂಟುಂಟು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಕೆ. ಸಿ. ಪಾಟೀಲರೂ ಅವರ ಸಹೋದ್ಯೋಗಿ ಕಿಂಗ್ಸ್‌ಲಿಯವರೂ 1988ರಲ್ಲಿ ಒಂದು ಹೊಸ ವಿಧಾನವನ್ನು ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ ಮಿಶ್ರಣ ನೊರೆಗಟ್ಟಿ, ತಾನೇ ಹೊತ್ತಿಕೊಂಡು, ಐದು ನಿಮಿಷದೊಳಗೆ ಹಗುರವಾದ ಆಕ್ಸೈಡಿನ ಪುಡಿಯಾಗುತ್ತದೆ. ಹೊರಗಿನ ಕಾವು ಕಡಿಮೆ. ಉಳಿದ ಕಾವನ್ನು ಮಿಶ್ರಣವೇ ಹುಟ್ಟಿಸಿಕೊಳ್ಳುತ್ತದೆ. ರೈತರ ಗೊಬ್ಬರವೇ ಇಲ್ಲಿ ಇಂಧನ. ಮುಂದಿನ ಪೀಳಿಗೆಯವರು ಯೂರಿಯಾದ ಜಾಗದಲ್ಲಿ ಗಿಡದ ರಸವನ್ನು ಇಟ್ಟರು. ತುಮಕೂರಿನ ಸಂಶೋಧಕರು ಕಕ್ಕೆ ಗಿಡದ ರಸವನ್ನು ಬಳಸಿ ಸತುವಿನ ಆಕ್ಸೈಡ್ ತಯಾರಿಸಿ, ಅದು ಬ್ಯಾಕ್ಟೀರಿಯಗಳನ್ನು ತಡೆಯುವುದನ್ನು 2015ರಲ್ಲಿ ವರದಿ ಮಾಡಿದರು. ಬೇಸಿಗೆಯಲ್ಲಿ ಹಳದಿ ಹೂಗಳ ಗೊಂಚಲು ಇಳಿಬಿಟ್ಟುಕೊಂಡು ನಿಲ್ಲುವ ಕಕ್ಕೆಮರ ತಮಗೆ ನೆನಪಿರಬಹುದು. ಅದಕ್ಕೆ ಮೊದಲೇ, 2011ರಲ್ಲಿ, ಲೋಳೆಸರದ ರಸದಿಂದ ಸತುವಿನ ಆಕ್ಸೈಡ್ ಪಡೆದ ಪ್ರಯೋಗ ತಮಿಳುನಾಡಿನಿಂದ ಬಂದಿತ್ತು. ಭಸ್ಮದಲ್ಲಿ ಅರೆಯುತ್ತಿದ್ದ ಅದೇ ಲೋಳೆಸರ! ಆದರೆ ಈ ಬಾರಿ ಕಣದ ಗಾತ್ರವನ್ನು ಅಳೆದರು, ಸ್ಫಟಿಕದ ರಚನೆಯನ್ನು ಎಕ್ಸ್-ಕಿರಣದಿಂದ ನೋಡಿದರು, ಇನ್ನೊಬ್ಬರು ಮಾಡಿ ನೋಡಲೆಂದು ಎಲ್ಲವನ್ನೂ ಬರೆದು ಪ್ರಕಟಿಸಿದರು. ವ್ಯತ್ಯಾಸವಿರುವುದು ಅಲ್ಲಿ.

ಬ್ಯಾಕ್ಟೀರಿಯ ಸಾಯುವುದು ಹೇಗೆ?

ಸತುವಿನ ಆಕ್ಸೈಡ್ ಬ್ಯಾಕ್ಟೀರಿಯವನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಪೀಡಿಸುತ್ತದೆ. ಮೊದಲನೆಯದಾಗಿ, ನೀರಿನಲ್ಲಿ ಕಣದ ಮೈಮೇಲೆ ಹೈಡ್ರೊಜನ್ ಪೆರಾಕ್ಸೈಡ್‌ನಂತಹ ಚುರುಕಾದ ಆಕ್ಸಿಜನ್ ಸಂಯುಕ್ತಗಳು ಹುಟ್ಟುತ್ತವೆ. ಜಪಾನಿನ ಜುನ್ ಸವಾಯ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಎರಡನೆಯದಾಗಿ, ಕಣ ಸ್ವಲ್ಪಸ್ವಲ್ಪವಾಗಿ ಕರಗಿ ಸತುವಿನ ಅಯಾನುಗಳನ್ನು ಬಿಡುತ್ತದೆ. ಹೆಚ್ಚಾದರೆ ಅವು ಜೀವಕೋಶದ ಕೆಲಸವನ್ನು ಕೆಡಿಸುತ್ತವೆ. ಮೂರನೆಯದಾಗಿ, ಕಣಗಳು ನೇರವಾಗಿ ಕೋಶದ ಹೊರಪೊರೆಗೆ ಅಂಟಿ ಅದನ್ನು ಹಾಳುಮಾಡುತ್ತವೆ. ಕಣ ಚಿಕ್ಕದಾದಷ್ಟೂ ಪರಿಣಾಮ ಹೆಚ್ಚೆಂದು ಜಪಾನಿನಿಂದಲೇ 2001ರಲ್ಲಿ ಪ್ರಕಟವಾದ ಅಧ್ಯಯನವೂ ಹೇಳಿತು. ಆರಂಭದಲ್ಲಿ ಹೇಳಿದ ಕಲ್ಲುಸಕ್ಕರೆಯ ಲೆಕ್ಕವನ್ನು ನೆನಪಿಸಿಕೊಳ್ಳಿ.

ಪರೀಕ್ಷೆ ನೋಡಲು ಸರಳ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯ ಬೆಳೆಸಿ ನಡುವೆ ಕಣಗಳನ್ನು ಇಟ್ಟರೆ ಸುತ್ತ ಅವು ಬೆಳೆಯದ ಒಂದು ತಿಳಿಯಾದ ವೃತ್ತ ಮೂಡುತ್ತದೆ. ಆ ವೃತ್ತದ ಚಿತ್ರವನ್ನು ಕಂಡು ‘ಬೇವಿನಿಂದ ಹೊಸ ಮದ್ದು’ ಎಂದು ಪತ್ರಿಕೆಗಳು ಬರೆಯುತ್ತವೆ.

ಹಸಿರು ಎಂದಮಾತ್ರಕ್ಕೆ

ಗಾಜಿನ ತಟ್ಟೆ ಮನುಷ್ಯನ ದೇಹವಲ್ಲ. ತಟ್ಟೆಯಲ್ಲಿ ಕೊಲ್ಲುವ ವಸ್ತು ರಕ್ತದಲ್ಲಿ ಏನು ಮಾಡೀತು, ನಮ್ಮ ಜೀವಕೋಶಗಳನ್ನು ಉಳಿಸೀತೇ ಎಂಬುದು ಬೇರೆಯೇ ಪರೀಕ್ಷೆ. ಎಲೆಯ ರಸವೂ ಒಂದೇ ಬಗೆಯದಲ್ಲ. ಮಳೆಗಾಲದ ಬೇವಿಗೂ ಬೇಸಿಗೆಯ ಬೇವಿಗೂ, ಎಳೆ ಚಿಗುರಿಗೂ ಬಲಿತ ಎಲೆಗೂ ಗುಣ ಬೇರೆ. ಹೀಗಾಗಿ ಒಂದು ಪ್ರಯೋಗಶಾಲೆಯ ಫಲಿತಾಂಶ ಇನ್ನೊಂದರಲ್ಲಿ ಹಾಗೆಯೇ ಬರುವುದು ಕಷ್ಟ. ಕೊಂದದ್ದು ಕಣವೋ ಅದಕ್ಕೆ ಅಂಟಿದ ಎಲೆಯ ಅಂಶವೋ ಎಂದು ತಿಳಿಯಬೇಕಾದರೆ ಬರಿಯ ರಸವನ್ನೂ, ರಸವಿಲ್ಲದೆ ತಯಾರಿಸಿದ ಅಷ್ಟೇ ಗಾತ್ರದ ಕಣವನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಇಷ್ಟು ಶ್ರಮ ವಹಿಸದ ಲೇಖನಗಳು ಬಹಳ.

ಬ್ಯಾಕ್ಟೀರಿಯ ಲೋಹವನ್ನೂ ಎದುರಿಸಲು ಕಲಿಯುತ್ತದೆ. ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಯ ನೈಟ್ರೇಟಿಗೆ ಜಗ್ಗದ ಸಾಲ್ಮೊನೆಲ್ಲ ಕಾಣಿಸಿಕೊಂಡ ಸಂಗತಿ 1975ರಲ್ಲಿಯೇ ವರದಿಯಾಯಿತು. ಸತುವಿನ ಕಥೆ ಇನ್ನೂ ಹತ್ತಿರದ್ದು. ಯುರೋಪಿನ ಹಂದಿ ಸಾಕಣೆಯಲ್ಲಿ ಮರಿಗಳಿಗೆ ಭೇದಿಯಾಗದಿರಲೆಂದು ಮೇವಿನಲ್ಲಿ ಹೆಚ್ಚು ಪ್ರಮಾಣದ ಸತುವಿನ ಆಕ್ಸೈಡನ್ನು ಬೆರೆಸುತ್ತಿದ್ದರು. ಸತು ಗೊಬ್ಬರದ ಮೂಲಕ ಮಣ್ಣಿನಲ್ಲಿ ಶೇಖರವಾಯಿತು. ಸತುವನ್ನು ತಾಳಿಕೊಳ್ಳುವ ಗುಣವೂ ಮೆಥಿಸಿಲಿನ್ನಿಗೆ ಜಗ್ಗದ ಗುಣವೂ ಕೆಲವು ಸ್ಟೆಫಿಲೊಕಾಕಸ್‌ಗಳಲ್ಲಿ ಒಟ್ಟಿಗೆ ಇರುವುದು ಕಂಡುಬಂತು; ಸತು ತಿನ್ನಿಸಿದಂತೆಲ್ಲ ಅಂತಹವೇ ಉಳಿದು ಬೆಳೆಯುತ್ತವೆ. ಕೊನೆಗೆ ಯುರೋಪಿಯನ್ ಒಕ್ಕೂಟ 2022ರ ಜೂನ್ ತಿಂಗಳಿನಿಂದ ಆ ಬಳಕೆಯನ್ನು ನಿಲ್ಲಿಸಿತು. ಪ್ರತಿಜೈವಿಕ ಔಷಧಗಳಲ್ಲಿ ಮಾಡಿದ ತಪ್ಪನ್ನೇ ಲೋಹಗಳಲ್ಲಿ ಮತ್ತೆ ಮಾಡುವ ಅಪಾಯ ನಮ್ಮೆದುರಿಗಿದೆ. ಎಲೆಯ ರಸದಲ್ಲಿ ಹುಟ್ಟಿದ್ದರಿಂದ ಸತು ಸತುವಾಗದೆ ಹೋಗುವುದಿಲ್ಲ.

ಹಾಗೆಂದು ಈ ವಿದ್ಯೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ನುಂಗುವ ಮಾತ್ರೆಯಾಗಿ ಅಲ್ಲದಿದ್ದರೂ ಗಾಯದ ಪಟ್ಟಿ, ಆಸ್ಪತ್ರೆಯ ಬಟ್ಟೆ, ಆಹಾರ ಕೆಡದಂತೆ ಕಾಯುವ ಹೊದಿಕೆ ಇವುಗಳಲ್ಲಿ ಇಂತಹ ಕಣಗಳನ್ನು ಬಳಸುವ ಪ್ರಯೋಗಗಳು ನಡೆದಿವೆ. ಹಸುಗೂಸಿಗೆ ಹಚ್ಚುವ ಬಿಳಿಯ ಮುಲಾಮಿನಲ್ಲಿ ಸತುವಿನ ಆಕ್ಸೈಡ್ ಇಂದಿಗೂ ತನ್ನ ಕೆಲಸ ಮಾಡುತ್ತಿದೆ.

ಮಕ್ಕಳಿಗೆ ಹೇಳಬೇಕಾದದ್ದು

ಭಾಷಣಕ್ಕೆ ಮೊದಲು ಊಟದ ಸಾಲಿನಲ್ಲಿ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: “ಅಂಕಲ್, ಇದನ್ನು ಕಂಡುಹಿಡಿದವರು ನಾವಾ, ಅವರಾ?” ಎಂದು. ನಾನು ಹೇಳಿದ್ದು ಇಷ್ಟೇ. ಜಾವರದ ಕುಶಲಿ ಜ್ವಾಲೆಯ ಬಣ್ಣವನ್ನು ನೋಡಿದ, ರಸವೈದ್ಯ ಭಸ್ಮವನ್ನು ನೀರಿನ ಮೇಲೆ ತೇಲಿಸಿ ನೋಡಿದ, ಫ್ಯಾರಡೆ ಕೆಂಪು ಸೀಸೆಗೆ ಬೆಳಕು ಹಾಯಿಸಿ ನೋಡಿದ, ಪುಣೆ ಮತ್ತು ತುಮಕೂರಿನವರು ಅಳೆದು ನೋಡಿದರು. ನಂಬುವ ಮೊದಲು ಪರೀಕ್ಷೆ ಮಾಡಿದವರೆಲ್ಲ ಒಂದೇ ಕುಲದವರು. ಪರೀಕ್ಷೆಯಿಲ್ಲದೆ ಹೊಗಳುವವರು, ಪರೀಕ್ಷೆಯಿಲ್ಲದೆ ತೆಗಳುವವರು ಇನ್ನೊಂದು ಕುಲ. ನೀನು ಮೊದಲನೆಯದಕ್ಕೆ ಸೇರು ಎಂದೆ.

ಬಿಡುವಾದಾಗ ಮಕ್ಕಳನ್ನು ಆಲ್ಬೆಮಾರ್ಲ್ ಬೀದಿಗೆ ಕರೆದುಕೊಂಡು ಹೋಗಿ ಫ್ಯಾರಡೆಯ ಸೀಸೆಗಳನ್ನು ತೋರಿಸಿ. ಊರಿಗೆ ಹೋದಾಗ ಹಿತ್ತಲಿನ ಬೇವಿನ ಮರವನ್ನೂ ತೋರಿಸಿ. ಪೆಟ್ಟಿಗೆಯಲ್ಲಿ ಭಸ್ಮದ ಪೊಟ್ಟಣ ಬಂದಿದ್ದರೆ ಅದರಲ್ಲಿ ಏನಿದೆಯೆಂದು ತಿಳಿಯದೆ, ಇಲ್ಲಿನ ವೈದ್ಯರನ್ನು ಕೇಳದೆ ಯಾರ ಬಾಯಿಗೂ ಹಾಕಬೇಡಿ. ನನ್ನ ಅಜ್ಜಿ ಇದ್ದಿದ್ದರೆ ಇದಕ್ಕೆ ಸಿಟ್ಟಾಗುತ್ತಿದ್ದರೋ ಏನೋ. ಆದರೆ ಅವರು ಕೂಡ ಬೇವಿನೆಲೆಯನ್ನು ಹಾಸುವ ಮುನ್ನ ಒಂದೊಂದನ್ನೂ ತಿರುಗಿಸಿ, ಹುಳುವಿದೆಯೇ ಎಂದು ನೋಡಿಯೇ ಹಾಸುತ್ತಿದ್ದರು.